ಇದನ್ನ ಯಾರು ನೋಡ್ತಾರ್ರಿ?

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಗೆ ಮಧ್ಯಾಹ್ನ ಯಾರಾದರೂ ಹೊಸಬರು ಬಂದರೆ ಮೊದಲು ಸೀನುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಬಾಜೂ ಮನೆಯ ಖಾಲಾ, ಎಂದರೆ ಓಣಿಗೆಲ್ಲ ಚಿಕ್ಕಮ್ಮ, ವ್ಯಾಪಾರಿಯೊಬ್ಬರಿಂದ ಮೆಣಸಿನಕಾಯಿ ಚೀಲ ತಂದು ತೊಟ್ಟು ಬಿಡಿಸಿಕೊಡುವ ಕೆಲಸ ಮಾಡುತ್ತಾರೆ. ಅವರ ಮನೆ ಇರುವುದೇ ಒಂದೂವರೆ ಖೋಲಿ, ಹಾಗಾಗಿ ಚೀಲ ಬಿಚ್ಚುತ್ತಿದ್ದುದು ನಮ್ಮ ಪಡಸಾಲೆಯಲ್ಲಿ. ನನ್ನ ಅತ್ತೆ ಹೊತ್ತು ಹೋಗಲೆಂದು ಎದುರಿಗೆ ಕೂತು ಕೈ ಕೂಡಿಸುತ್ತಿದ್ದರು. ಇಬ್ಬರ ನಡುವೆ ಮೆಣಸಿನಕಾಯಿಯ ರಾಶಿ, ರಾಶಿಯ ಆಚೆ ಸ್ಟೀಲಿನ ಡಬ್ಬಿಗೆ ಒರಗಿಸಿಟ್ಟ ನನ್ನ ಮಗಳ ಫೋನು, ಫೋನಿನಲ್ಲಿ ಉರ್ದು ಧಾರಾವಾಹಿ.

ಆ ಧಾರಾವಾಹಿಯಿಂದಾಗಿ ನನ್ನ ಮಗಳ ಕಾಲೇಜಿನ ಸೀಟು ಕೈಬಿಟ್ಟು ಹೋಗುವುದರಲ್ಲಿತ್ತು. ಸೀಟು ಉಳಿಯಿತು. ಉಳಿಸಿಕೊಳ್ಳಲು ನಾನು ಮಾಡಿದ ಕೆಲಸವನ್ನು ನನ್ನ ಯಜಮಾನರಿಗೂ ಪೂರ್ತಿ ಹೇಳಿಲ್ಲ. ಅವರು ಲಾರಿಯ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಗುಂಟೂರು, ಮುಂಬೈ ಎಂದು ಹೊರಗೇ ಇರುತ್ತಾರೆ. ಅಂಥವರಿಗೆ ಅರ್ಧ ಹೇಳಿ ಅರ್ಧ ನುಂಗುವುದು ಸುಲಭ. ಇಲ್ಲಿ ನುಂಗದೆ ಬರೆಯಬೇಕೆಂದು ಕೂತಿದ್ದೇನೆ.

ಅತ್ತೆಯ ತವರು ಸವಣೂರು. ಉರ್ದು ಮಾತಾಡುವ ಓಣಿಯಲ್ಲಿ ಆಡಿ ಬೆಳೆದವರು, ಅವರಿಗೆ ಆ ಭಾಷೆ ಹೊಸದಲ್ಲ. ಧಾರಾವಾಹಿಯ ಹುಚ್ಚು ಖಾಲಾರಿಗಿಂತ ಅವರಿಗೇ ಹೆಚ್ಚು. ಅಲ್ಲಿಯ ಸೊಸೆ ಅತ್ತರೆ ಇವರೂ ಅಳುತ್ತಿದ್ದರು. ಖಾರದ ಕೈಯಲ್ಲಿ ಕಣ್ಣು ಒರೆಸಿಕೊಳ್ಳುವಂತಿಲ್ಲವಾದ್ದರಿಂದ ಹೆಗಲಿಗೆ ಮುಖ ತಿಕ್ಕಿಕೊಳ್ಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ಧಾರಾವಾಹಿ ಎಂದರೆ ನನಗೆ ತಾತ್ಸಾರ. ಆದರೂ ಶಾಲೆಯಿಂದ ಬಂದು ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತು ಪೂರ್ತಿ ನೋಡುತ್ತಿದ್ದೆ ಎನ್ನುವುದನ್ನೂ ಹೇಳಿಬಿಡಬೇಕು.

ಒಂದು ದಿನ, ಆ ಧಾರಾವಾಹಿ ಬರುತ್ತಿದ್ದ ಗಡಿಯಾಚೆಯ ಚಾನೆಲ್‌ಗಳೆಲ್ಲ ನಮ್ಮ ದೇಶದಲ್ಲಿ ಬಂದ್ ಆದವು. ಯಾಕೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಟಿವಿಯಲ್ಲಿ ಯುದ್ಧದ ಮಾತು ಬಿಟ್ಟು ಬೇರೆ ಮಾತೇ ಇರಲಿಲ್ಲ. ಖಾಲಾ ಒಂದು ಮಾತೂ ಆಡಲಿಲ್ಲ. ಅತ್ತೆ ಮಾತ್ರ ಊಟಕ್ಕೆ ಕೂತಾಗಲೆಲ್ಲ ಶುರು ಮಾಡುತ್ತಿದ್ದರು.

"ಆ ಹುಡುಗಿ ತಲಾಖ್ ಕಾಗದಕ್ಕ ಸಹಿ ಹಾಕಿದ್ಲೋ ಇಲ್ಲೋ, ಅಷ್ಟು ಗೊತ್ತಾದ್ರ ಸಾಕಿತ್ತು. ನಡು ದಾರ್‍ಯಾಗ ಕೈ ಬಿಟ್ಟಂಗ ಆತು ನೋಡವಾ."

ಹದಿನೈದು ದಿನ ಇದನ್ನೇ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ ಒಬ್ಬರು ವಿಪಿಎನ್ ಎನ್ನುವುದನ್ನು ಹೇಳಿಕೊಟ್ಟರು. ಅದನ್ನು ಹಾಕಿಕೊಂಡರೆ ಫೋನು ಇಲ್ಲೇ ಇದ್ದರೂ ಬೇರೆ ದೇಶದಲ್ಲಿ ಇದ್ದ ಹಾಗೆ ತೋರಿಸುತ್ತದೆ, ಮೇಲೆ ಸಣ್ಣದೊಂದು ಕೀಲಿಕೈ ಚಿತ್ರ ಬರುತ್ತದೆ, ನೋಡಿದ ಮೇಲೆ ನೆನಪಿಟ್ಟು ಬಂದ್ ಮಾಡಬೇಕು ಎಂದರು. ನನ್ನ ಫೋನಿನಲ್ಲಿ ಜಾಗವಿರಲಿಲ್ಲ. ಪುಕ್ಕಟೆ ಸಿಗುವ ಒಂದನ್ನು ಹುಡುಕಿ ಮಗಳ ಫೋನಿಗೆ ನಾನೇ ಇಳಿಸಿದೆ. ನಾನೇ, ನನ್ನ ಈ ಕೈಯಾರೆ. ಮಗಳು ಬೇಡವೆಂದಳು.

"ಅವ್ವಾ, ಪುಕ್ಕಟೆ ಆ್ಯಪ್ ಚಲೋ ಅಲ್ಲ. ನನ್ನ ಫೋನಿನ್ಯಾಗ ಹಾಕಬ್ಯಾಡ."

"ನಿಮ್ಮ ಆಯಿದು ಗೋಳು ಕೇಳಾಕ ಆಗವಲ್ದು. ಒಂದು ತಿಂಗಳ ಅಷ್ಟ, ಆಮ್ಯಾಗ ತೆಗೀತೀನಿ," ಎಂದು ಬಾಯಿ ಮುಚ್ಚಿಸಿದೆ.

ಆ ಆ್ಯಪ್ ತನಗೆ ತೋಚಿದ ದೇಶಕ್ಕೆ ನಮ್ಮನ್ನು ಒಯ್ಯುತ್ತಿತ್ತು. ಒಂದು ದಿನ ಜಪಾನ್, ಒಂದು ದಿನ ನೆದರ್‌ಲ್ಯಾಂಡ್ಸ್. ಅತ್ತೆ ಚೀಲದ ಮುಂದೆ ಕೂತವರೇ, "ಇವತ್ತ ಯಾವೂರಾಗ ಅದೀವಿ?" ಎಂದು ಕೇಳುತ್ತಿದ್ದರು. ಮಗಳು ಊರಿನ ಹೆಸರು ಹೇಳಿದರೆ ಖಾಲಾ, "ಅಲ್ಲೂ ಮೆಣಸಿನಕಾಯಿ ತೊಟ್ಟು ಬಿಡಿಸೂದಽ ಹಣೇಬಾರ ನೋಡ್ರಿ," ಎಂದು ನಗುತ್ತಿದ್ದರು. ಧಾರಾವಾಹಿ ಮುಗಿದರೂ ಇಬ್ಬರ ಕೈಯೂ ಖಾರ. ಫೋನು ಮುಟ್ಟುವಂತಿಲ್ಲ. ಮಗಳು ಒಳಗೆ ಓದುತ್ತಾ ಕೂತಿರುತ್ತಿದ್ದಳು, ನಾನು ಮರೆಯುತ್ತಿದ್ದೆ. ಕೀಲಿಕೈ ಚಿತ್ರ ಸಂಜೆಯವರೆಗೂ ಹಾಗೇ ಇರುತ್ತಿತ್ತು. ಒಂದು ತಿಂಗಳು ಎಂದದ್ದು ಮಳೆಗಾಲಕ್ಕೆ ಬಂತು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬಂದೆ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅತ್ತೆ ನನ್ನನ್ನು ಕಂಡವರೇ ಕರೆದರು.

"ಲಗೂ ಬಾರವಾ. ಧಾರಾವಾಹಿ ಮ್ಯಾಲೆ ಏನೋ ಬಂದು ನಿಂತೈತಿ, ಆ ಸೊಸಿ ಮಾರಿ ಕಾಣವಲ್ದು. ನಮ್ಮ ಕೈ ಖಾರ."

ಧಾರಾವಾಹಿಯ ಮೇಲೆ ಒಂದು ಪ್ರಶ್ನೆ ಬಂದು ನಿಂತಿತ್ತು. ನೆದರ್‌ಲ್ಯಾಂಡ್ಸಿನಿಂದ ಯಾರೋ ನಿಮ್ಮ ಖಾತೆಯೊಳಗೆ ಬರುತ್ತಿದ್ದಾರೆ, ಅದು ನೀವೇನಾ ಎಂದು. ಕೆಳಗೆ ಹೌದು, ಅಲ್ಲ ಎಂದು ಎರಡು ಗುಂಡಿ. ನಾನು ಹುಬ್ಬಳ್ಳಿ ದಾಟಿ ಹೋದದ್ದೇ ಎರಡು ಸಲ. ನೆದರ್‌ಲ್ಯಾಂಡ್ಸಿನಲ್ಲಿ ನಮ್ಮದೇನು ಕೆಲಸ? ಒಂದು ಕ್ಷಣವೂ ಯೋಚಿಸದೆ, ಬಲು ಪ್ರಾಮಾಣಿಕಳಂತೆ, "ಅಲ್ಲ" ಎನ್ನುವುದನ್ನು ಒತ್ತಿದೆ. ಪ್ರಶ್ನೆ ಹೋಯಿತು, ಸೊಸೆ ಮತ್ತೆ ಅಳಲು ಶುರು ಮಾಡಿದಳು, ಮೂವರೂ ನೋಡಿದೆವು.

ಅದೇ ಸಂಜೆ ಸೀಟು ಹಂಚಿಕೆಯ ಪಟ್ಟಿ ಬಂತು. ಮಗಳಿಗೆ ಸರ್ಕಾರಿ ಕಾಲೇಜಿನಲ್ಲಿ ಪಶುವೈದ್ಯಕೀಯ ಸೀಟು ಸಿಕ್ಕಿತ್ತು. ಓಣಿಯ ನಾಯಿ, ಆಡು, ರೆಕ್ಕೆ ಮುರಿದ ಪಾರಿವಾಳ, ಎಲ್ಲಕ್ಕೂ ಅರಿಶಿನ ಹಚ್ಚುತ್ತಾ ಬೆಳೆದವಳು ಅವಳು. ಎರಡು ವರ್ಷ ಮದುವೆ, ಮುಂಜಿ ಯಾವುದಕ್ಕೂ ಬಾರದೆ ಓದಿದ್ದಳು. ಸೀಟು ಬೇಕೆಂದು ಸೋಮವಾರ ಸಂಜೆ ನಾಲ್ಕು ಗಂಟೆಯೊಳಗೆ ಒಪ್ಪಿಗೆ ಕೊಡಬೇಕಿತ್ತು. ಒಪ್ಪಿಗೆ ಕೊಡುವಾಗ ಅವಳ ಮೇಲ್‌ಗೆ ಒಂದು ಸಂಖ್ಯೆ ಬರುತ್ತದೆ, ಅದನ್ನು ತುಂಬಬೇಕು. ಕೊಡದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಭಾನುವಾರವಿಡೀ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿ, ಹಾಸ್ಟೆಲ್ ವಿಚಾರಿಸಿ, ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ ಫೋನು ಹಿಡಿದಳು.

ಮೇಲ್ ತೆರೆಯಲಿಲ್ಲ. ನಿಮ್ಮ ಖಾತೆಯನ್ನು ಭದ್ರ ಮಾಡಲಾಗಿದೆ ಎಂದು ಬಂತು. ಪಾಸ್‌ವರ್ಡ್ ಕೇಳಿತು, ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ, ಕೊನೆಗೆ ನಾಲ್ಕು ಏಳು ಇರುವ ಮೊಬೈಲ್ ನಂಬರಿಗೆ ಸಂಖ್ಯೆ ಕಳಿಸುತ್ತೇವೆ ಎಂದಿತು. ನಮ್ಮ ಮನೆಯಲ್ಲಿ ಯಾರ ನಂಬರೂ ನಾಲ್ಕು ಏಳರಿಂದ ಮುಗಿಯುವುದಿಲ್ಲ.

"ಶನಿವಾರ ಏನರ ಒತ್ತಿದ್ರೇನ್ ಅವ್ವಾ?" ಎಂದು ಮಗಳು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆನೇನೋ. ಎದ್ದು ಅಂಕಪಟ್ಟಿ, ಅರ್ಜಿಯ ಪ್ರತಿ ಎಲ್ಲ ಚೀಲಕ್ಕೆ ತುಂಬತೊಡಗಿದಳು.

ಶಾಲೆಗೆ ರಜೆ ಹೇಳಿ ಹಾವೇರಿಗೆ ಓಡಿದೆವು. ಅಲ್ಲಿನ ಸಹಾಯ ಕೇಂದ್ರದಲ್ಲಿ ಸಾಲು ಮೆಟ್ಟಿಲವರೆಗೆ ಬಂದಿತ್ತು. ನಮ್ಮ ಪಾಳಿ ಬಂದಾಗ ಹನ್ನೆರಡು ದಾಟಿತ್ತು. ಮೇಜಿನ ಆಚೆಯವರು ಸಮಾಧಾನದವರೇ, ಆದರೆ ನಿಯಮ ನಿಯಮವೇ.

"ಮೇಲ್ ಬದಲಿ ಮಾಡಾಕ ಬರ್ತೈತ್ರಿ. ಅರ್ಜಿ ಕೊಡ್ರಿ, ಎರಡು ದಿವಸ ಬೇಕು."

"ಇವತ್ತ ನಾಕಕ್ಕ ಕಡೀ ಐತಲ್ರಿ," ಎಂದೆ.

"ಅದಕ್ಕಽ ಹೇಳಾಕತ್ತೇನಿ, ಹಳೇ ಮೇಲ್ ಹೆಂಗರ ಮಾಡಿ ತೆಗಸ್ರಿ. ಅದನ್ನ ಮಾಡಿಕೊಟ್ಟವರು ಯಾರು?"

ಮಾಡಿಕೊಟ್ಟವರು! ಆಗ ಮಗಳಿಗೆ ನೆನಪಾಯಿತು. ಮೂರು ವರ್ಷದ ಹಿಂದೆ ಈ ಫೋನನ್ನು ರಾಣೆಬೆನ್ನೂರಿನಲ್ಲಿ ಕೊಂಡಾಗ ಅಂಗಡಿಯವರೇ ಮೇಲ್ ಮಾಡಿ, ಎಲ್ಲ ಹಾಕಿ, ಬಳಸುವಂತೆ ಮಾಡಿ ಕೊಟ್ಟಿದ್ದರು. ನಮ್ಮ ಕಡೆ ಇದು ರೂಢಿ. ಡಬ್ಬಿ ಬಿಚ್ಚಿ ಅಂಗಡಿಯವರ ಕೈಗೆ ಕೊಟ್ಟು ಚಹಾ ಕುಡಿಯುತ್ತಾ ನಿಲ್ಲುತ್ತೇವೆ. ಅವರು ಏನು ಒತ್ತಿದರು, ಯಾವ ನಂಬರು ಹಾಕಿದರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಅತ್ತೆಗೆ ಫೋನು ಮಾಡಿ ಟ್ರಂಕಿನಲ್ಲಿ ಹಳೆಯ ಬಿಲ್ಲು ಹುಡುಕಲು ಹೇಳಿದೆ. ಹತ್ತು ನಿಮಿಷದಲ್ಲಿ ಖಾಲಾ ತಿರುಗಿ ಫೋನು ಮಾಡಿದರು. ಬಿಲ್ಲು ಸಿಕ್ಕಿದೆ, ಆದರೆ ಅದರಲ್ಲಿದ್ದ ನಂಬರು ಹತ್ತುತ್ತಿಲ್ಲ.

"ನೀವು ಹಾವೇರಿಯಿಂದ ಬಸ್ ಹತ್ರಿ. ನಾ ಮೋಟೆಬೆನ್ನೂರು ಕ್ರಾಸಿಗೆ ಬಂದು ನಿಂತಿರ್ತೇನಿ, ಬಿಲ್ ಕೊಡ್ತೇನಿ," ಎಂದರು.

ಹೆದ್ದಾರಿಯ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ಅವರು ನಿಂತೇ ಇದ್ದರು. ಹಾಕಿದ ಬುರ್ಖಾದ ತೋಳು ಮೊಳಕೈವರೆಗೆ ಏರಿತ್ತು, ಬೆರಳಿಗೆಲ್ಲ ಇನ್ನೂ ಮೆಣಸಿನಕಾಯಿಯ ಕೆಂಪು. ಕೈ ತೊಳೆಯುವಷ್ಟೂ ತಡೆಯದೆ ಬಂದಿದ್ದರು. ಬಿಲ್ಲು ಕೊಟ್ಟು ತಿರುಗಿ ಹೋಗುವರೆಂದುಕೊಂಡಿದ್ದೆ. ಹತ್ತಿ ಮಗಳ ಪಕ್ಕದಲ್ಲಿ ಕೂತರು.

"ಅಂಗಡಿ ಜಾಗಾ ಬದಲಿ ಆಗೇತಿ ಬೇಟಿ, ನಮ್ಮ ತಂಗಿ ಮನಿ ಹಿಂದಿನ ಗಲ್ಲಿಗೆ ಬಂದೈತಿ. ನಿನಗ ಸಿಗೂದಿಲ್ಲ. ನಾನೂ ಬರ್ತೇನಿ," ಎಂದು ನನಗೆ ಹೇಳಿದರು. ಹದಿನೆಂಟು ವರ್ಷದಿಂದ ನನ್ನನ್ನು ಅವರು ಬೇಟಿ ಎಂದೇ ಕರೆದದ್ದು. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ನನ್ನ ಜೊತೆ ಮೂರು ದಿನ ಇದ್ದವರು ಅವರೇ.

ರಾಣೆಬೆನ್ನೂರಿನಲ್ಲಿ ಇಳಿದಾಗ ಎರಡೂ ಕಾಲು. ಖಾಲಾ ಮುಂದೆ, ನಾವು ಹಿಂದೆ, ಹೆಚ್ಚುಕಡಿಮೆ ಓಡುತ್ತಲೇ ಹೋದೆವು. ಅಂಗಡಿ ತೆರೆದಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು. ಒಳಗೆ ಅಂಗಡಿಯವರು, ಕೌಂಟರಿಗೆ ಮೊಳಕೈ ಊರಿ ನಿಂತ ಬಿಳಿ ಅಂಗಿಯವನೊಬ್ಬ, ಕುರ್ಚಿಯ ಮೇಲೆ ಇನ್ನಿಬ್ಬರು ಗಿರಾಕಿಗಳು. ಜಾಗ ಸಣ್ಣದು. ಖಾಲಾ ಹೊರಗೆ ಮೆಟ್ಟಿಲ ಮೇಲೆ ಕೂತರು, ನಾವಿಬ್ಬರೂ ಒಳಗೆ ಹೋದೆವು.

ಅಂಗಡಿಯವರು 'ಬ್ಯಾಡಗಿ ಟೀಚರ್' ಎಂದು ತಾವೇ ಬರೆದಿದ್ದ ಬಿಲ್ಲು ನೋಡಿದರು, ನಂಬರಿನ ಕೊನೆ ನೋಡಿದರು, ನಕ್ಕರು.

"ಆ ನಂಬರ್ ನಂದಽ ರೀ. ಆಗೆಲ್ಲ ಲಗೂ ಮುಗೀಲಿ ಅಂತ ಗಿರಾಕಿಗೆಲ್ಲ ನನ್ನ ನಂಬರಽ ಹಾಕಿಬಿಡ್ತಿದ್ದೆ. ಆ ಸಿಮ್ ಈಗ ನಮ್ಮ ಮನಿಯವರ ಹತ್ರ ಐತಿ, ಕದರಮಂಡಲಗ್ಯಾಗ. ಫೋನ್ ಹಚ್ಚಿ ಕೇಳೂಣು, ಏನೂ ಆಗೂದಿಲ್ಲ. ಕೊಡ್ರಿಲ್ಲೆ."

ಮಗಳು ಫೋನು ಕೊಟ್ಟಳು. ಅವರು ಬೀಗ ತೆಗೆಸಿ, ಹಿಂದೆ ತೆರೆದಿಟ್ಟಿದ್ದ ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚತೊಡಗಿದರು. ಶನಿವಾರ ಅರ್ಧಕ್ಕೆ ನಿಲ್ಲಿಸಿದ ಧಾರಾವಾಹಿ ತೆರೆದುಕೊಂಡಿತು. ಪರದೆಯ ತುಂಬ ಸೊಸೆಯ ಮುಖ, ಕೆಳಗೆ ಉರ್ದು ಅಕ್ಷರಗಳಲ್ಲಿ ಹೆಸರು, ಮೇಲೆ ಮೂಲೆಯಲ್ಲಿ ಅಂದಿನಿಂದ ಯಾರೂ ಬಂದ್ ಮಾಡಿರದ ಕೀಲಿಕೈ.

ಅವರ ಬೆರಳು ನಿಂತಿತು. ಅವರು ಫೋನನ್ನು ಸ್ವಲ್ಪ ಓರೆ ಮಾಡಿದರು, ಬಿಳಿ ಅಂಗಿಯವನು ಬಗ್ಗಿ ನೋಡಿದ. ಕುರ್ಚಿಯವರೂ ಕತ್ತು ಚಾಚಿದರು.

"ಇದು ಬಂದ್ ಆಗೇತಲ್ರಿ ನಮ್ಮ ಕಡೆ?" ಎಂದ ಬಿಳಿ ಅಂಗಿಯವನು.

"ವಿಪಿಎನ್ ಹಾಕ್ಯಾರ," ಎಂದರು ಅಂಗಡಿಯವರು. "ಅದಕ್ಕಽ ಮೇಲ್ ಲಾಕ್ ಆಗೇತಿ. ಟೀಚರ್, ಇದನ್ನ ಯಾರು ನೋಡ್ತಾರ್ರಿ?"

ಕೇಳಿದ್ದು ಅಷ್ಟೇ. ಬೆದರಿಸಿದ ದನಿಯೂ ಅಲ್ಲ. ಆದರೆ ನಾಲ್ಕು ಗಂಡಸರು ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ತಿಂಗಳುಗಳಲ್ಲಿ ಒಂದು ಹಾಡು ಕೇಳಿದ್ದಕ್ಕೆ, ಒಂದು ಚಿತ್ರ ಹಾಕಿದ್ದಕ್ಕೆ ಯಾರ ಯಾರ ಮನೆಗೋ ಜನ ಹೋಗಿ ನಿಂತ ಸುದ್ದಿಗಳನ್ನು ಕೇಳಿದ್ದೆ. ನನ್ನ ನೌಕರಿ, ಮಗಳ ಹೆಸರು, ಶಾಲೆಯ ಆಡಳಿತ ಮಂಡಳಿ, ಎಲ್ಲ ಒಂದೇ ಸಲ ತಲೆಗೆ ಬಂದವು. ಗೋಡೆಯ ಗಡಿಯಾರ ಎರಡು ಮೂವತ್ತೈದು ತೋರಿಸುತ್ತಿತ್ತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿಯೇ ಹೇಳಿದೆ, ಬೇಗ ಯೋಚಿಸಿದೆ, ಅಷ್ಟೇ.

"ನಾವಲ್ರಿ. ಬಾಜೂ ಮನಿ ಖಾಲಾ ನೋಡತಾರ. ಹುಡುಗೀ ಫೋನಿನ್ಯಾಗ ಅವರಽ ಹಾಕಿಸ್ಯಾರ, ನಮಗ ಗೊತ್ತಿಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ. ಬಿಳಿ ಅಂಗಿಯವನು ಹೊರಗೆ ಮೆಟ್ಟಿಲ ಕಡೆ ನೋಡಿದ.

"ಇವರಽ ಏನು?"

ಅಂಗಡಿಗೆ ಬಾಗಿಲಿರಲಿಲ್ಲ, ಮೇಲೆ ಸುತ್ತಿಟ್ಟ ಶಟರು ಅಷ್ಟೇ. ಖಾಲಾರಿಗೆ ಪ್ರತಿಯೊಂದು ಮಾತೂ ಕೇಳಿಸಿತ್ತು. ಅವರು ಎದ್ದು ನಿಂತರು. ನನ್ನನ್ನು ನೋಡಿದರು, ಬಹಳ ಹೊತ್ತಲ್ಲ, ಬಸ್ಸಿನಲ್ಲಿ ಟಿಕೇಟು ಕೊಳ್ಳುವಾಗ ಕಂಡಕ್ಟರನ್ನು ನೋಡುವಷ್ಟು ಹೊತ್ತು. ಆಮೇಲೆ ಅಂಗಡಿಯವರಿಗೆ ಹೇಳಿದರು.

"ಹೌದ್ರಿ, ನಾನಽ ಹಾಕಿಸೀನಿ. ಗೊತ್ತಾಗಲಿಲ್ಲ, ತಪ್ಪಾತು. ಹುಡುಗೀದು ಸೀಟ್ ಐತ್ರಿ, ನಾಕಕ್ಕ ಮುಗೀತೈತಿ. ಮೊದಲ ಅಕಿ ಕೆಲಸ ಮಾಡ್ರಿ, ಆಮ್ಯಾಗ ನನಗ ಏನ್ ಕೇಳೂದೈತಿ ಕೇಳ್ರಿ."

ಬಿಳಿ ಅಂಗಿಯವನು ತನ್ನ ಫೋನು ಎತ್ತಿ ಹಿಡಿದ. ಮೊದಲು ಕೌಂಟರಿನ ಮೇಲಿದ್ದ ಪರದೆಯ ಫೋಟೋ ತೆಗೆದ, ಆಮೇಲೆ ಅವರದು. ಖಾಲಾ ಮುಖಕ್ಕೆ ಬುರ್ಖಾದ ಮುಸುಕು ಎಳೆದುಕೊಳ್ಳಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಗಡಿಯಾರ ನೋಡಿದೆ.

ಅಂಗಡಿಯವರು ಕದರಮಂಡಲಗಿಗೆ ಫೋನು ಹಚ್ಚಿದರು. ಎತ್ತಲಿಲ್ಲ. ಮತ್ತೆ ಹಚ್ಚಿದರು, ಎತ್ತಲಿಲ್ಲ. ಎರಡು ಐವತ್ತಾಯಿತು, ಮೂರಾಯಿತು. "ಹಿತ್ತಲದಾಗ ಇರಬೇಕು," ಎಂದು ಅವರು ಬೇರೆ ಗಿರಾಕಿಯ ಗಾಜು ಅಂಟಿಸಲು ಕೂತರು. ಮಗಳು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮೂರೂ ಹತ್ತಕ್ಕೆ ಆ ಹೆಣ್ಣುಮಗಳು ತಾನೇ ತಿರುಗಿ ಫೋನು ಮಾಡಿದಳು. ಆ ನಂಬರಿಗೆ ಸಂಖ್ಯೆ ತರಿಸಿದೆವು. ಅವಳು ಒಂದೊಂದೇ ಓದಿದಳು, ಮಗಳು ತುಂಬಿದಳು. ತಪ್ಪು ಎಂದು ಬಂತು. ಆಕೆ ಓದಿದ್ದು ಹಿಂದಿನ ಯಾವುದೋ ಮೆಸೇಜು. ಮತ್ತೆ ಕಳಿಸಬೇಕೆಂದರೆ ಸ್ವಲ್ಪ ಕಾಯಿರಿ ಎಂದಿತು ಫೋನು. ಎಷ್ಟು ಎಂದು ಹೇಳಲಿಲ್ಲ.

ಮೂರೂ ಇಪ್ಪತ್ತೆಂಟಕ್ಕೆ ಎರಡನೆಯ ಸಂಖ್ಯೆ ಹೋಯಿತು.

"ಎಲ್ಲಾಕಿಂತ ಕೆಳಗ ಇದ್ದದ್ದು ಓದವಾ. ಸಾವಕಾಶ," ಎಂದರು ಅಂಗಡಿಯವರು.

ಆರು ಅಂಕಿ. ಮಗಳು ಪ್ರತಿ ಅಂಕಿಯನ್ನೂ ತಿರುಗಿ ಹೇಳಿ ತುಂಬಿದಳು. ಮೇಲ್ ತೆರೆಯಿತು. ಅಂಗಡಿಯವರೇ ಕೀಲಿಕೈ ಆ್ಯಪನ್ನು ಕಿತ್ತು ಹಾಕಿದರು. ಒಪ್ಪಿಗೆಯ ಪುಟ ತೆರೆಯಲು ಹತ್ತು ನಿಮಿಷ ಗಿರಗಿರ ತಿರುಗಿತು. ರಾಜ್ಯದಲ್ಲಿ ಕೊನೆಯ ಗಳಿಗೆಗೆ ಕೂತವರು ನಾವೊಬ್ಬರೇ ಅಲ್ಲವಲ್ಲ. ಮೂರೂ ನಲವತ್ತಾರಕ್ಕೆ, ನಿಮ್ಮ ಒಪ್ಪಿಗೆಯನ್ನು ಸ್ವೀಕರಿಸಲಾಗಿದೆ ಎಂದು ಬಂತು. ನಾನು ಅತ್ತುಬಿಟ್ಟೆ. ಮಗಳು ಅಳಲಿಲ್ಲ. ಅವಳು ತಿರುಗಿ ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಖಾಲಾ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಸಿಕ್ಕರು. ಮಗಳು ಹೋಗಿ ಪಕ್ಕದಲ್ಲಿ ಕೂತು, "ಸೀಟ್ ಆತು ಖಾಲಾ," ಎಂದಳು. ಖಾಲಾ ಅವಳ ತಲೆ ಸವರಿದರು. "ಡಾಕ್ಟರ್ ಆಗಿ ಬಾ. ನಮ್ಮ ಮನಿ ಆಡಿಗೆ ಪುಕ್ಕಟೆ ಸೂಜಿ ಹಾಕಬೇಕು," ಎಂದರು. ಅವಳಿಗೆ ಹೇಳಿದರು. ಹಿಂದಿನ ಸೀಟಿನಲ್ಲಿದ್ದ ನಾನು ಮೂವರ ಟಿಕೇಟು ತೆಗೆಸಲು ಹೋದರೆ, ಖಾಲಾ ತಮ್ಮದನ್ನು ಆಗಲೇ ತೆಗೆಸಿಕೊಂಡಿದ್ದರು.

ಮರುದಿನ ಮಧ್ಯಾಹ್ನ ಚೀಲ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಖಾಲಾ ತಮ್ಮ ಒಂದೂವರೆ ಖೋಲಿಯಲ್ಲೇ ಬಾಗಿಲು ಹಾಕಿಕೊಂಡು ತೊಟ್ಟು ಬಿಡಿಸುತ್ತಿದ್ದರು, ಘಾಟಿಗೆ ಕೆಮ್ಮುವುದು ಗೋಡೆಯ ಈಚೆ ನಮಗೆ ಕೇಳಿ ಬರುತ್ತಿತ್ತು. ಅತ್ತೆ, "ಅಕಿಗೆ ಏನಾಗೇತಿ? ಏನರ ಅಂದೀರೇನು?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಮಗಳು ಎಲ್ಲ ಹೇಳಿದಳು. "ನಾನೂ ಅಲ್ಲೇ ನಿಂತಿದ್ದೆ ಆಯಿ. ಸೀಟ್ ಹೋಗ್ತೈತಿ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ," ಎಂದಳು. ಅತ್ತೆ ಅವತ್ತು ರಾತ್ರಿ ಊಟಕ್ಕೆ ಏಳಲಿಲ್ಲ.

ಗುರುವಾರ ನಾನು ಖಾಲಾರ ಬಾಗಿಲು ಬಡಿದೆ. ಅವರು ಕಿಟಕಿಯ ಸಂದಿಯಿಂದ ಮೊದಲು ನೋಡಿ, ಯಾರೆಂದು ತಿಳಿದ ಮೇಲೆ ಚಿಲಕ ತೆಗೆದರು. ಹಗಲು ಹೊತ್ತಿನಲ್ಲಿ ಆ ಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ಕಂಡೇ ಇರಲಿಲ್ಲ.

"ಬರ್ರಿ ಟೀಚರ್, ಕುಂದ್ರಿ," ಎಂದರು.

ಕೂರಲಿಲ್ಲ. ತಪ್ಪಾಯಿತು ಎಂದೆ. ಹೆದರಿಕೆಯಲ್ಲಿ ಬಂದ ಮಾತು, ಸೀಟು ಹೋಗುತ್ತದೆಂಬ ಗಾಬರಿ, ಇನ್ನೂ ಏನೇನೋ ಹೇಳಿದೆ. ಶಾಲೆಯಲ್ಲಿ ಮಕ್ಕಳು ಮನೆಗೆಲಸ ಮಾಡದೆ ಬಂದು ಹೇಳುವ ಹಾಗೆ ಒಂದರ ಮೇಲೊಂದು ಕಾರಣ ಪೇರಿಸಿದೆ. ಅವರು ಕೈಯ ಕೆಲಸ ನಿಲ್ಲಿಸದೆ ಕೇಳಿದರು.

"ನೀವು ಹೆದರಿದ್ದು ನನಗ ಗೊತ್ತಾತ್ರಿ," ಎಂದರು ಆಮೇಲೆ. "ಹೆದರಿದವರು ಸುಳ್ಳ ಹೇಳ್ತಾರ, ಅದಕ್ಕ ಸಿಟ್ಟಿಲ್ಲ. ಆದ್ರ ಒಂದು ವಿಚಾರ ಮಾಡ್ರಿ. ನಮ್ಮತ್ತಿ ನೋಡ್ತಾರ ಅಂತ ನೀವು ಖರೇ ಹೇಳಿದ್ದರ ಅಂಗಡ್ಯಾಗಿದ್ದವರು ನಕ್ಕು ಬಿಡ್ತಿದ್ದರು. ಮುದುಕೀದು ಧಾರಾವಾಹಿ ಹುಚ್ಚು ಅಂತ. ನಿಮಗ ಏನೂ ಆಗ್ತಿರಲಿಲ್ಲ. ನನ್ನ ಹೆಸರಿಗೆ ಯಾರೂ ನಗೂದಿಲ್ರಿ. ಫೋಟೋ ಒಯ್ದಾನ ಅಂವ. ಯಾವಾಗ ಯಾರು ಬಂದು ಬಾಗಲಾ ಬಡೀತಾರೋ ಅಂತ ಕುಂತೇನಿ."

ಮನೆಗೆ ಬಂದು ಅಡುಗೆ ಮನೆಯಲ್ಲಿ ನಿಂತೆ. ಅವರ ಮಾತು ಸುಳ್ಳಾಗಲಿ ಎಂದು ಬೇಡಿಕೊಂಡೆ. ನನ್ನನ್ನೂ ಆ ಗಂಡಸರು ಬೈಯಬಹುದಿತ್ತು, ನನಗೂ ತೊಂದರೆ ಆಗಬಹುದಿತ್ತು, ಹಾಗಾಗಿಯೇ ಹೆದರಿದೆ ಎಂದು ನಂಬಲು ಬಹಳ ಒದ್ದಾಡಿದೆ.

ಭಾನುವಾರ ಒಬ್ಬಳೇ ರಾಣೆಬೆನ್ನೂರಿಗೆ ಹೋದೆ. ಅಂಗಡಿಯಲ್ಲಿ ಅಂಗಡಿಯವರೂ ಇದ್ದರು, ನನ್ನ ಪುಣ್ಯವೋ ಪಾಪವೋ ಬಿಳಿ ಅಂಗಿಯವನೂ ಇದ್ದ. ಬಾಜೂ ಅಂಗಡಿಯವನಂತೆ, ಇಡೀ ದಿನ ಅಲ್ಲೇ ಇರುತ್ತಾನಂತೆ. ನಿಂತಲ್ಲೇ ಹೇಳಿದೆ.

"ಅವತ್ತ ನಾ ಸುಳ್ಳ ಹೇಳಿದೆ. ಆ ಆ್ಯಪ್ ಹಾಕಿದಾಕಿ ನಾನು. ನೋಡೂದು ನಮ್ಮತ್ತಿ, ನಾನೂ ನೋಡ್ತೇನಿ. ಖಾಲಾರಿಗೆ ಅದನ್ನ ಹಾಕಾಕ ಬರೂದೂ ಇಲ್ಲ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯವರು ಮೊದಲು ನಕ್ಕರು.

"ಅಷ್ಟಕ್ಕ ಬಸ್ ಹತ್ತಿ ಬಂದ್ರೇನ್ರಿ ಟೀಚರ್? ಕುಂದ್ರಿ, ಚಾ ತರಸ್ತೇನಿ."

"ನಮ್ಮ ಮನ್ಯಾಗ ಹೆಂಡ್ತೀನೂ ಅದನ್ನಽ ನೋಡ್ತಿದ್ಲು," ಎಂದ ಬಿಳಿ ಅಂಗಿಯವನು. "ಬಂದ್ ಆದ ಮ್ಯಾಲೆ ದಿನಾ ತಲಿ ತಿಂತಾಳ. ಆ ಕೀಲಿಕೈದು ಹೆಂಗ ಹಾಕೂದು ನನಗೂ ಒಂಚೂರು ಹೇಳಿಕೊಡ್ರಲಾ."

ಫೋಟೋ ಏನಾಯಿತು ಎಂದು ಕೇಳಿದೆ. ಯಾವ ಫೋಟೋ ಎಂದ. ನೆನಪು ಮಾಡಿಕೊಂಡು ಫೋನು ತೆರೆದ. ತಮ್ಮ ಗಲ್ಲಿಯ ಗ್ರೂಪಿಗೆ ಅವತ್ತೇ ಹಾಕಿದ್ದನಂತೆ. ತೆಗೆಯಿರಿ ಎಂದೆ. ಒತ್ತಿ ನೋಡಿದ, ಬಹಳ ದಿನವಾಗಿದೆ, ಇನ್ನು ಎಲ್ಲರ ಫೋನಿನಿಂದ ತೆಗೆಯಲು ಬರುವುದಿಲ್ಲ ಎಂದ. ನಾನು ಕೈ ಚಾಚಿದೆ. ಅವನು ಏನೆಂದುಕೊಂಡನೋ, ಫೋನು ಕೊಟ್ಟ.

ಫೋಟೋದಲ್ಲಿ ಮೆಟ್ಟಿಲ ಮುಂದೆ ನಿಂತ ಖಾಲಾ ಇದ್ದರು, ಕೈಯ ಕೆಂಪು ಬೆರಳುಗಳ ಸಮೇತ. ಕೆಳಗೆ ಜನ ಅವರ ಬಗ್ಗೆ ಬರೆದಿದ್ದ ಮಾತುಗಳಿದ್ದವು, ಯಾವ ಊರು ಎಂದು ಕೇಳಿದವರಿದ್ದರು, ಊರು ಹೇಳಿದವರೂ ಇದ್ದರು. ಆ ಮಾತುಗಳನ್ನು ನಾನಿಲ್ಲಿ ಬರೆಯಲಾರೆ. ಅವೆಲ್ಲದರ ಕೆಳಗೆ, ಕನ್ನಡದಲ್ಲಿ, ನನ್ನ ಹೆಸರು, ನನ್ನ ಶಾಲೆಯ ಹೆಸರು ಹಾಕಿ, ಆ ಧಾರಾವಾಹಿಯನ್ನು ನೋಡುವವರು ನಾವು, ವಿಪಿಎನ್ ಹಾಕಿದವಳು ನಾನು, ಈ ತಾಯಿಯದೇನೂ ತಪ್ಪಿಲ್ಲ ಎಂದು ಬರೆದು ಕಳಿಸಿದೆ. ಇನ್ನು ಬರುವುದು ಬರಲಿ ಎಂದು ಫೋನು ಹಿಡಿದೇ ನಿಂತೆ.

ಬಂತು. ಒಂದು ನಿಮಿಷವೂ ಆಗಿರಲಿಲ್ಲ. ಒಂದರ ಹಿಂದೊಂದು, ಒಂದರ ಹಿಂದೊಂದು, ನಗುವ ಮುಖಗಳು ಬಂದವು.